ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ ಯಾವ ಫ್ಲ್ಯಾಶ್ ಕೊಳ್ಳುವುದು ಸೂಕ್ತ?

ಹೇಮಾವತಿ ನಾಲೆ (ತಿಪಟೂರು):

ಎಲ್ಲರಿಗೂ ನಮಸ್ಕಾರ.

ನನ್ನಲ್ಲಿರುವ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಅದರ ಜೊತೆಯಲ್ಲಿ ಬಹುಕಾಲ ದುಡಿದ ಫ್ಲ್ಯಾಶ್ ಮಾತ್ರ ಕೆಟ್ಟು ಕೂತಿದೆ. ಹೊಸ ಸೆಲ್ ಹಾಕಿ ಸ್ವಿಚ್ ಒತ್ತಿದರೆ ಒಳಗಿನಿಂದ ಸಣ್ಣ ಶಿಳ್ಳೆಯಂಥ ಸದ್ದು ಕೇಳುತ್ತದೆಯೇ ಹೊರತು ಫ್ಲ್ಯಾಶ್ ಸಿದ್ಧವಾಯಿತೆಂದು ತೋರಿಸುವ ಕೆಂಪು ದೀಪ ಎಷ್ಟು ಹೊತ್ತು ಕಾದರೂ ಹೊತ್ತಿಕೊಳ್ಳುವುದಿಲ್ಲ. ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದಾಗ, ಒಳಗೆ ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರ್ ಹೋಗಿದೆ, ಅದೇ ಅಳತೆಯದು ಸಿಗುವುದು ಕಷ್ಟ, ಬೇರೆ ಫ್ಲ್ಯಾಶ್ ಕೊಳ್ಳುವುದೇ ಒಳ್ಳೆಯದು ಎಂದರು.

ನಾನು ಮುಖ್ಯವಾಗಿ ತೆಗೆಯುವುದು ನಮ್ಮ ಸೀಮೆಯ ಪೌರಾಣಿಕ ನಾಟಕ ಮತ್ತು ಮೂಡಲಪಾಯ ಯಕ್ಷಗಾನ ಕಲಾವಿದರ ಚಿತ್ರಗಳನ್ನು. ಆಟ ಶುರುವಾಗುವ ಮೊದಲು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಕಿರೀಟ ಕಟ್ಟಿಸಿಕೊಳ್ಳುವಾಗ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ನೋಡುವಾಗ ತೆಗೆದ ಚಿತ್ರಗಳೇ ನನಗೆ ಬೇಕಾದವು. ಅಲ್ಲಿ ಬೆಳಕೆಂದರೆ ಒಂದು ಬಲ್ಬು ಮಾತ್ರ. ದೂರ ಸಾಮಾನ್ಯವಾಗಿ ಎರಡರಿಂದ ಐದು ಮೀಟರ್. ಬಳಸುವುದು 50 ಎಂಎಂ ಲೆನ್ಸ್ ಮತ್ತು ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಅಂದರೆ 400 ಐಎಸ್‌ಒ (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಅಳತೆ) ಕಪ್ಪು-ಬಿಳುಪು ಫಿಲ್ಮ್.

ಈಗ ಮೂರು ಆಯ್ಕೆಗಳು ಕಣ್ಣ ಮುಂದಿವೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ವಿವಿಟಾರ್ 285ಎಚ್‌ವಿ ಇದೆಯೆಂದು ಸ್ನೇಹಿತರು ತಿಳಿಸಿದ್ದಾರೆ. ತುಮಕೂರಿನಲ್ಲಿ ಮದುವೆಗಳ ಫೋಟೋ ತೆಗೆಯುತ್ತಿದ್ದ ಹಿರಿಯರೊಬ್ಬರ ಬೀರುವಿನಲ್ಲಿ ನಿಕಾನ್ ಎಸ್‌ಬಿ-28 ಇದೆ, ಅವರು ಕೊಡಲು ಸಿದ್ಧರಿದ್ದಾರೆ. ಮೂರನೆಯದು ಹೊಸದಾಗಿ ಸಿಗುವ ಗೋಡಾಕ್ಸ್ ಟಿಟಿ600. ಪೆಂಟಾಕ್ಸ್ ಕ್ಯಾಮೆರಾದ ಮೇಲೆ ನಿಕಾನ್ ಫ್ಲ್ಯಾಶ್ ಕೆಲಸ ಮಾಡುತ್ತದೆಯೇ ಎಂಬುದೇ ನನ್ನ ಮೊದಲ ಸಂದೇಹ. ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೇ ಸ್ಟುಡಿಯೋ (ತುಮಕೂರು):

ನಮಸ್ಕಾರ. ನಿಮ್ಮ ಮೊದಲ ಸಂದೇಹಕ್ಕೆ ಉತ್ತರ: ಖಂಡಿತ ಕೆಲಸ ಮಾಡುತ್ತದೆ. ಕೆ1000 ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗವಾದ ಹಾಟ್ ಶೂ ನೋಡಿ. ನಡುವೆ ಒಂದೇ ಒಂದು ಲೋಹದ ಚುಕ್ಕೆ ಇದೆ. ಶಟರ್ ಪೂರ್ತಿ ತೆರೆದುಕೊಂಡ ಕ್ಷಣದಲ್ಲಿ ಆ ಚುಕ್ಕೆಗೂ ಪಕ್ಕದ ಲೋಹದ ಅಂಚಿಗೂ ಸಂಪರ್ಕ ಉಂಟಾಗುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಕ್ಯಾಮೆರಾ ಫ್ಲ್ಯಾಶಿಗೆ ಹೇಳುವುದು ಇಷ್ಟೇ. ಎಷ್ಟು ಬೆಳಕು ಬೇಕು, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಷ್ಟಿದೆ, ಫಿಲ್ಮ್ ಯಾವುದು ಎಂಬ ಯಾವ ಮಾತೂ ಅವೆರಡರ ನಡುವೆ ನಡೆಯುವುದಿಲ್ಲ. ಆದ್ದರಿಂದ ನಡುವಿನ ಚುಕ್ಕೆಯಿಂದ ಹೊಡೆಯುವ ಯಾವ ಕಂಪನಿಯ ಫ್ಲ್ಯಾಶ್ ಆದರೂ ಇದಕ್ಕೆ ಒಗ್ಗುತ್ತದೆ. ನಿಕಾನ್ ಫ್ಲ್ಯಾಶಿನ ಅಡಿಯಲ್ಲಿರುವ ಉಳಿದ ಚುಕ್ಕೆಗಳು ಕೆ1000 ಮೇಲೆ ಸುಮ್ಮನಿರುತ್ತವೆ.

ಹಾಗಾದರೆ ಆರಿಸುವುದು ಯಾವ ಆಧಾರದ ಮೇಲೆ? ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಫ್ಲ್ಯಾಶ್ ಕೊಳ್ಳುವವರು ಕಂಪನಿಯ ಹೆಸರನ್ನಾಗಲಿ, ಬೆಳಕಿನ ಬಲವನ್ನಾಗಲಿ ಮೊದಲು ನೋಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಫ್ಲ್ಯಾಶಿಗೆ ತನ್ನ ಬೆಳಕನ್ನು ತಾನೇ ಅಳೆದುಕೊಳ್ಳುವ ಶಕ್ತಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಹಳೆಯ ಆಟೋ ಫ್ಲ್ಯಾಶುಗಳ ಮುಖದ ಮೇಲೆ ಒಂದು ಪುಟ್ಟ ಕಣ್ಣು ಇರುತ್ತದೆ. ಫ್ಲ್ಯಾಶ್ ಹೊಡೆದಾಗ ಎದುರಿನ ವ್ಯಕ್ತಿಯಿಂದ ಹಿಂದಿರುಗಿ ಬರುವ ಬೆಳಕನ್ನು ಆ ಕಣ್ಣು ನೋಡುತ್ತದೆ. ಸಾಕಷ್ಟು ಬೆಳಕು ಬಂತೆಂದು ಕಂಡ ತಕ್ಷಣ ಒಳಗಿನ ಥೈರಿಸ್ಟರ್ ಮಂಡಲ ಬೆಳಕನ್ನು ಅಲ್ಲಿಗೇ ಕಡಿದುಬಿಡುತ್ತದೆ. ಇದೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೆಪ್ಯಾಸಿಟರಿನಲ್ಲಿ ಉಳಿದ ವಿದ್ಯುತ್ತು ಮುಂದಿನ ಚಿತ್ರಕ್ಕೆ ಉಳಿಯುವುದರಿಂದ ಹತ್ತಿರದ ಚಿತ್ರಗಳ ನಡುವೆ ಹೆಚ್ಚು ಕಾಯಬೇಕಾಗಿಲ್ಲ, ಸೆಲ್ಲೂ ಹೆಚ್ಚು ಬಾಳುತ್ತದೆ.

ನೀವು ಮಾಡಬೇಕಾದದ್ದು ಬಹಳ ಕಡಿಮೆ. ಫ್ಲ್ಯಾಶಿನಲ್ಲಿ 400 ಎಂದೂ ಎಫ್/8 ಎಂದೂ ಇಡಿ, ಲೆನ್ಸಿನಲ್ಲಿಯೂ ಎಫ್/8 ಇಡಿ (ಎಫ್ ಅಂಕಿ ದೊಡ್ಡದಾದಷ್ಟೂ ಅಪರ್ಚರ್ ಚಿಕ್ಕದು), ಶಟರನ್ನು 60ರಲ್ಲಿ, ಅಂದರೆ ಸೆಕೆಂಡಿನ 60ನೇ ಒಂದು ಭಾಗದಲ್ಲಿ, ಇಡಿ. ಆ ಮೇಲೆ ಕಲಾವಿದರು ಎರಡು ಮೀಟರ್ ದೂರದಲ್ಲಿದ್ದರೂ ಐದು ಮೀಟರ್ ದೂರದಲ್ಲಿದ್ದರೂ ನೀವು ಏನನ್ನೂ ಬದಲಿಸಬೇಕಾಗಿಲ್ಲ. 285ಎಚ್‌ವಿ ಮತ್ತು ಎಸ್‌ಬಿ-28 ಎರಡರಲ್ಲಿಯೂ ಈ ಸೌಲಭ್ಯ ಇದೆ. ಟಿಟಿ600ರಲ್ಲಿ ಇಲ್ಲ.

60ಕ್ಕಿಂತ ಹೆಚ್ಚಿನ ವೇಗದಲ್ಲಿ ಇಡಬೇಡಿ ಎಂಬುದು ನಿಮಗೆ ಗೊತ್ತಿರುತ್ತದೆ. ಆದರೂ ಹೊಸಬರಿಗಾಗಿ ಹೇಳುತ್ತೇನೆ: ಕೆ1000 ಶಟರಿನ ಬಟ್ಟೆಯ ಪರದೆಗಳು ಅಡ್ಡಲಾಗಿ ಓಡುತ್ತವೆ, ಮತ್ತು 60ರ ವೇಗದವರೆಗೆ ಮಾತ್ರ ಇಡೀ ಚೌಕಟ್ಟು ಒಂದೇ ಕ್ಷಣದಲ್ಲಿ ತೆರೆದಿರುತ್ತದೆ. 125ರಲ್ಲಿ ಹೊಡೆದರೆ ಚಿತ್ರದ ಒಂದು ಪಕ್ಕ ಉದ್ದಕ್ಕೆ ಕಪ್ಪಾಗಿ ಬರುತ್ತದೆ.

ರೇಷ್ಮೆಗೂಡು (ಶಿಡ್ಲಘಟ್ಟ):

ಹಿರಿಯರ ಮಾತಿಗೆ ಗೌರವವಿದೆ, ಆದರೂ ನಾನು ಟಿಟಿ600 ಪರವಾಗಿ ಮಾತನಾಡಬಯಸುತ್ತೇನೆ. ನಾನು ನಮ್ಮೂರಿನ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಫಿಲ್ಮ್ ಮೇಲೆ ಚಿತ್ರ ತೆಗೆಯುತ್ತೇನೆ. ಬಿಸಿನೀರಿನ ಆವಿ, ಕಪ್ಪು ಹಿಡಿದ ಗೋಡೆ, ಒಂದೆರಡು ಟ್ಯೂಬ್‌ಲೈಟ್ ಇರುವ ಜಾಗ ಅದು. ಬೆಳಕಿನ ಬಲವನ್ನು ನಾವೇ ಇಡಬೇಕಾದ ಮ್ಯಾನ್ಯುಯಲ್ ಫ್ಲ್ಯಾಶ್ ಒಂದನ್ನೇ ನಂಬಿ ಕೆಲಸ ಮಾಡುತ್ತಿದ್ದೇನೆ, ತೃಪ್ತಿಕರವಾಗಿದೆ.

ಮ್ಯಾನ್ಯುಯಲ್ ಎಂದರೆ ಕಷ್ಟದ ಲೆಕ್ಕ ಎಂದು ಹಲವರು ಹೆದರುತ್ತಾರೆ. ಲೆಕ್ಕ ಒಂದೇ: ಫ್ಲ್ಯಾಶಿನ ಬಲವನ್ನು ಹೇಳುವ ಅಂಕಿಯಾದ ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. 100 ಐಎಸ್‌ಒಗೆ ಗೈಡ್ ನಂಬರ್ 36 ಮೀಟರ್ ಇರುವ ಫ್ಲ್ಯಾಶ್ ಎಂದಿಟ್ಟುಕೊಳ್ಳಿ. 400 ಐಎಸ್‌ಒ ಫಿಲ್ಮಿಗೆ ಅದು ಇಮ್ಮಡಿಯಾಗಿ 72 ಆಗುತ್ತದೆ. ಮೂರು ಮೀಟರ್ ದೂರಕ್ಕೆ 72ನ್ನು 3ರಿಂದ ಭಾಗಿಸಿದರೆ 24. ಅಂದರೆ ಎಫ್/22ಕ್ಕಿಂತಲೂ ಚಿಕ್ಕ ಅಪರ್ಚರ್ ಬೇಕು, ಅದು ನಿಮ್ಮ ಲೆನ್ಸಿನಲ್ಲಿ ಇಲ್ಲ. ಪೂರ್ತಿ ಬಲ ನಿಮ್ಮ ಕೆಲಸಕ್ಕೆ ಅತಿಯಾಯಿತು ಎಂದರ್ಥ. ಹದಿನಾರನೇ ಒಂದು ಭಾಗಕ್ಕೆ ಇಳಿಸಿದರೆ ಗೈಡ್ ನಂಬರ್ ಕಾಲು ಭಾಗವಾಗಿ 18ಕ್ಕೆ ಬರುತ್ತದೆ, ಮೂರು ಮೀಟರಿಗೆ ಎಫ್/5.6 ಸರಿಹೊಂದುತ್ತದೆ. ಟಿಟಿ600 ಬಲವನ್ನು 128ನೇ ಒಂದು ಭಾಗದವರೆಗೂ ಇಳಿಸಬಹುದು. ಹೊಸ ವಸ್ತು, ಅಂಗಡಿಯ ಬಿಲ್ಲು ಕೈಯಲ್ಲಿರುತ್ತದೆ, ಎಎ ಸೆಲ್ ನಾಲ್ಕು ಸಾಕು. ಜೊತೆಗೆ ವೈರ್‌ಲೆಸ್ ಟ್ರಿಗರ್ ಒಂದನ್ನು ಶೂ ಮೇಲೆ ಹಾಕಿಕೊಂಡರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಮೂಲೆಯಲ್ಲಿ ನಿಲ್ಲಿಸಬಹುದು. ಕಲಾವಿದರ ಮುಖದ ಬಣ್ಣ, ಗೆರೆಗಳು ಪಕ್ಕದ ಬೆಳಕಿನಲ್ಲಿ ಎಷ್ಟು ಚೆನ್ನಾಗಿ ಎದ್ದು ಕಾಣುತ್ತವೆ ಎಂಬುದನ್ನು ಯೋಚಿಸಿ.

ಒಂದು ಎಚ್ಚರಿಕೆಯನ್ನು ನಾನೇ ಹೇಳುತ್ತೇನೆ. ಡಬ್ಬಿಯ ಮೇಲೆ 60 ಎಂದು ಅಚ್ಚಾದ ಗೈಡ್ ನಂಬರ್ 200 ಎಂಎಂ ಝೂಮ್ ಸ್ಥಾನಕ್ಕೆ, ಅಂದರೆ ಬೆಳಕನ್ನು ಕಿರಿದಾಗಿ ಕೂಡಿಸಿದ ಸ್ಥಾನಕ್ಕೆ, ಸೇರಿದ್ದು. 50 ಎಂಎಂ ಸ್ಥಾನದಲ್ಲಿ ಬೆಳಕು ಹರಡುವುದರಿಂದ ಅಂಕಿ ಕಡಿಮೆಯಾಗುತ್ತದೆ. ಇಂದಿನ ಬಹುತೇಕ ಫ್ಲ್ಯಾಶುಗಳ ಮೇಲಿನ ಅಂಕಿ ಹೀಗೆಯೇ ಉದ್ದ ಲೆನ್ಸಿನ ಸ್ಥಾನದ್ದು, ಹಳೆಯವುಗಳದ್ದು ಸಾಮಾನ್ಯವಾಗಿ 35 ಅಥವಾ 50 ಎಂಎಂ ಸ್ಥಾನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಹಾಗೆಯೇ ಹಳೆಯ ಫ್ಲ್ಯಾಶಿನ ಅಂಕಿ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿಕೊಳ್ಳಬೇಕು. 120 ಅಡಿ ಎಂದರೆ ಸುಮಾರು 36 ಮೀಟರ್ ಅಷ್ಟೇ.

ಹಳೇ ಸ್ಟುಡಿಯೋ (ತುಮಕೂರು):

ನಿಮ್ಮ ಲೆಕ್ಕ ಸಂಪೂರ್ಣ ಸರಿ. ನಿಮ್ಮ ಕೆಲಸಕ್ಕೆ ಮ್ಯಾನ್ಯುಯಲ್ ಸರಿಹೊಂದುವುದಕ್ಕೂ ಕಾರಣವಿದೆ: ನೂಲು ತೆಗೆಯುವವರು ತಮ್ಮ ಯಂತ್ರದ ಮುಂದೆ ಒಂದೇ ಜಾಗದಲ್ಲಿ ನಿಂತಿರುತ್ತಾರೆ. ಒಮ್ಮೆ ದೂರ ಅಳೆದು ಅಪರ್ಚರ್ ಇಟ್ಟರೆ ಹತ್ತು ಚಿತ್ರಗಳನ್ನು ತೆಗೆಯಬಹುದು. ಬಣ್ಣದ ಕೋಣೆ ಹಾಗಲ್ಲ. ನಾಲ್ಕು ಮೀಟರ್ ಆಚೆ ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ ಭೀಮ ಪಾತ್ರಧಾರಿ ಎದ್ದು ನಿಮ್ಮ ಎದುರಿಗೆ ಎರಡು ಮೀಟರಿಗೆ ಬಂದರೆ ಅವರ ಮುಖದ ಮೇಲಿನ ಬೆಳಕು ನಾಲ್ಕು ಪಟ್ಟಾಗುತ್ತದೆ, ಅಂದರೆ ಪೂರ್ತಿ ಎರಡು ಸ್ಟಾಪ್ (ಬೆಳಕು ಒಮ್ಮೆ ಇಮ್ಮಡಿಯಾದರೆ ಒಂದು ಸ್ಟಾಪ್). ಆ ಕ್ಷಣದಲ್ಲಿ ಫೋಕಸ್ ನೋಡುವುದೋ, ಭಾಗಾಕಾರ ಮಾಡುವುದೋ? ಡಿಜಿಟಲ್ ಕ್ಯಾಮೆರಾದಲ್ಲಾದರೆ ಪರದೆ ನೋಡಿ ತಿದ್ದಿಕೊಳ್ಳಬಹುದು. ಫಿಲ್ಮಿನಲ್ಲಿ ತಪ್ಪು ತಿಳಿಯುವುದು ರೋಲ್ ತೊಳೆದ ಮೇಲೆ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮ್ ಹಾಕಿ ಛತ್ರಗಳಲ್ಲಿ ಮದುವೆ ತೆಗೆಯುತ್ತಿದ್ದ ಕಾಲದಲ್ಲಿ ನಮ್ಮ ಕೈಯಲ್ಲಿದ್ದದ್ದು ಪೂರ್ತಿ ಬಲದಲ್ಲಿ ಮಾತ್ರ ಹೊಡೆಯುವ ಫ್ಲ್ಯಾಶುಗಳು. ಧಾರೆಯ ಹೊತ್ತಿಗೆ ಎಷ್ಟು ಹೆಜ್ಜೆ ಹಿಂದೆ ನಿಲ್ಲಬೇಕು ಎಂಬುದು ಕಾಲಿಗೇ ಅಭ್ಯಾಸವಾಗಿರುತ್ತಿತ್ತು. ಆಟೋ ಫ್ಲ್ಯಾಶ್ ಕೈಗೆ ಬಂದ ಮೇಲೆ ಹೆಜ್ಜೆ ಎಣಿಸುವುದನ್ನು ಬಿಟ್ಟು ಮುಖಗಳನ್ನು ನೋಡಲು ಸಾಧ್ಯವಾಯಿತು. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರೇಷ್ಮೆಗೂಡು (ಶಿಡ್ಲಘಟ್ಟ):

ಒಪ್ಪುತ್ತೇನೆ, ಆದರೆ ಎರಡು ಮಾತು. ಎಚ್‌ಪಿ5ನಂಥ ನೆಗೆಟಿವ್ ಫಿಲ್ಮ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ. ಕಡಿಮೆ ಬಿದ್ದರೆ ಮಾತ್ರ ನೆರಳಿನ ವಿವರ ಹೋಗುತ್ತದೆ. ಹಾಗಾಗಿ ದೂರದವರಿಗೆ ಲೆಕ್ಕ ಹಾಕಿಟ್ಟರೆ ಹತ್ತಿರದವರೂ ಒಂದು ಮಟ್ಟಿಗೆ ಉಳಿದುಕೊಳ್ಳುತ್ತಾರೆ. ಇನ್ನೊಂದು, ಆಟೋ ಫ್ಲ್ಯಾಶಿನ ಆ ಕಣ್ಣನ್ನು ಅಷ್ಟು ನಂಬಬಹುದೇ? ನಾಟಕದ ಕಿರೀಟ, ಭುಜಕೀರ್ತಿ, ಎದೆಹಾರಗಳಲ್ಲಿ ಕನ್ನಡಿ ಚೂರು, ಬೇಗಡೆ, ಮಣಿಗಳೇ ತುಂಬಿರುತ್ತವೆ. ಅವು ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆದಾಗ ಕಣ್ಣು ಮೋಸಹೋಗುವುದಿಲ್ಲವೇ?

ಹಳೇ ಸ್ಟುಡಿಯೋ (ತುಮಕೂರು):

ಬಹಳ ಒಳ್ಳೆಯ ಪ್ರಶ್ನೆ. ಹೌದು, ಮೋಸಹೋಗುತ್ತದೆ, ಎರಡೂ ಕಡೆಗೆ.

ಕಿರೀಟ ಧರಿಸಿದ ಪಾತ್ರಧಾರಿ ಚೌಕಟ್ಟಿನ ತುಂಬ ಇದ್ದಾಗ ಹೊಳಪು ಹೆಚ್ಚಾಗಿ ಕಣ್ಣಿಗೆ ಬಿದ್ದು ಫ್ಲ್ಯಾಶ್ ಬೇಗನೆ ನಿಲ್ಲುತ್ತದೆ, ಕಿರೀಟ ಬೆಳಗಿ ಮುಖ ಮಂಕಾಗುತ್ತದೆ. ಆಗ ಫ್ಲ್ಯಾಶನ್ನು ಎಫ್/8ರಲ್ಲಿಯೇ ಬಿಟ್ಟು ಲೆನ್ಸನ್ನು ಎಫ್/5.6ಕ್ಕೆ ತೆರೆಯಿರಿ, ಅಥವಾ ಫ್ಲ್ಯಾಶಿನ ಮೇಲೆ ಮಾತ್ರ ಐಎಸ್‌ಒವನ್ನು 400ರಿಂದ 200ಕ್ಕೆ ಇಳಿಸಿ. ಎರಡರಿಂದಲೂ ಫಿಲ್ಮಿಗೆ ಒಂದು ಸ್ಟಾಪ್ ಹೆಚ್ಚು ಬೆಳಕು ಸಿಗುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭ ಬಯಲಿನಲ್ಲಿ ಬರುತ್ತದೆ. ಊರ ಮುಂದಿನ ಬಯಲಿನಲ್ಲಿ ಕತ್ತಲೆಯನ್ನು ಹಿಂದೆ ಇಟ್ಟುಕೊಂಡು ಒಬ್ಬರೇ ನಿಂತಿದ್ದರೆ, ಹಿಂದಿನ ಕತ್ತಲೆಯಿಂದ ಏನೂ ಹಿಂದಿರುಗದ ಕಾರಣ ಫ್ಲ್ಯಾಶ್ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಉರಿಯುತ್ತದೆ, ಮುಖ ಸುಣ್ಣದಂತೆ ಬೆಳ್ಳಗಾಗುತ್ತದೆ. ಅಲ್ಲಿ ಲೆನ್ಸನ್ನು ಎಫ್/11ಕ್ಕೆ ಮುಚ್ಚಬೇಕು. ಎರಡು ಸಂದರ್ಭ, ಎರಡು ತಿದ್ದುಪಡಿ. ಒಂದು ರೋಲ್ ಮುಗಿಯುವಷ್ಟರಲ್ಲಿ ಕೈಗೆ ಬರುತ್ತದೆ.

ಕನ್ನಡಿ ಚೂರುಗಳ ನೇರ ಹೊಳಪಿಗೆ ಇನ್ನೂ ಒಳ್ಳೆಯ ಪರಿಹಾರ ಫ್ಲ್ಯಾಶನ್ನು ಲೆನ್ಸಿನ ನೇರದಿಂದ ಪಕ್ಕಕ್ಕೆ ಸರಿಸುವುದು. ಕೆ1000 ದೇಹದ ಮೇಲೆ ಫ್ಲ್ಯಾಶನ್ನು ವೈರಿನಿಂದ ಜೋಡಿಸುವ ಪಿಸಿ ಸಾಕೆಟ್ ಇದೆ, ಎಸ್‌ಬಿ-28ರಲ್ಲಿಯೂ ಇದೆ. ಒಂದು ಬ್ರಾಕೆಟ್ಟು, ಒಂದು ವೈರು ಇದ್ದರೆ ಫ್ಲ್ಯಾಶನ್ನು ಎಡಗೈಯಲ್ಲಿ ಎತ್ತಿ ಹಿಡಿಯಬಹುದು. ಹೊಳಪು ಬೇರೆ ದಿಕ್ಕಿಗೆ ಹೋಗುತ್ತದೆ.

ಅಂತರಗಂಗೆ (ಕೋಲಾರ):

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸದವನು. ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್ ಕೊಳ್ಳುವವರು ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಇಲ್ಲಿ ಯಾರೂ ಎತ್ತಿಲ್ಲ: ಶೂ ಮೇಲೆ ಬೀಳುವ ವೋಲ್ಟೇಜ್.

ಹಳೆಯ ಫ್ಲ್ಯಾಶುಗಳಲ್ಲಿ ಕೆಪ್ಯಾಸಿಟರಿನ ಹೆಚ್ಚಿನ ವೋಲ್ಟೇಜ್ ನೇರವಾಗಿ ನಡುವಿನ ಚುಕ್ಕೆಯವರೆಗೂ ಬರುತ್ತಿತ್ತು. ಮೊದಲಿನ ಜಪಾನ್ ನಿರ್ಮಿತ ವಿವಿಟಾರ್ 283ಗಳಲ್ಲಿ ಅದು 200 ವೋಲ್ಟಿಗೂ ಮೇಲಿರುತ್ತದೆ. ಕೆ1000 ಮಾದರಿಯ ಕ್ಯಾಮೆರಾಗಳಲ್ಲಿ ಇರುವುದು ಬರೀ ಲೋಹದ ಸಂಪರ್ಕವಾದ್ದರಿಂದ ಅಂಥ ಫ್ಲ್ಯಾಶುಗಳನ್ನು ಅವುಗಳ ಕಾಲದಲ್ಲಿ ಎಲ್ಲರೂ ಬಳಸಿದರು; ಹೆಚ್ಚೆಂದರೆ ಕಾಲಕ್ರಮದಲ್ಲಿ ಸಂಪರ್ಕದ ತುದಿಗಳು ಸುಟ್ಟು ಸವೆಯುತ್ತವೆ. ಆದರೆ ಅದೇ ಫ್ಲ್ಯಾಶನ್ನು ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾದ ಮೇಲೋ ಮನೆಯಲ್ಲಿರುವ ಡಿಜಿಟಲ್ ಕ್ಯಾಮೆರಾದ ಮೇಲೋ ಮರೆತು ಹಾಕಿದರೆ ಒಳಗಿನ ಮಂಡಲವೇ ಸುಡಬಹುದು. ಐಎಸ್‌ಒ 10330 ಮಾನದಂಡ ಇದಕ್ಕೆ ಇಟ್ಟಿರುವ ಮಿತಿ 24 ವೋಲ್ಟ್. 285 ಮತ್ತು 285ಎಚ್‌ವಿ ಎರಡನ್ನೂ ಒಂದೇ ಎಂದು ಭಾವಿಸಬೇಡಿ. ಹಳೆಯ 285ರಲ್ಲಿ ವೋಲ್ಟೇಜ್ ಹೆಚ್ಚು, ಎಚ್‌ವಿಯಲ್ಲಿ ಕಡಿಮೆ. ಎಸ್‌ಬಿ-28, ಟಿಟಿ600 ಎರಡೂ ಈ ವಿಷಯದಲ್ಲಿ ನಿರಪಾಯ.

ಅಳೆಯುವುದು ಸುಲಭ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಮೇಜಿನ ಮೇಲಿಟ್ಟು ಆನ್ ಮಾಡಿ, ದೀಪ ಹೊತ್ತುವವರೆಗೂ ಕಾಯಿರಿ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟಿನ ದೊಡ್ಡ ಶ್ರೇಣಿಗೆ ತಿರುಗಿಸಿ, ಕೆಂಪು ಮುಳ್ಳನ್ನು ಅಡಿಯ ನಡುಚುಕ್ಕೆಗೂ ಕಪ್ಪು ಮುಳ್ಳನ್ನು ಪಕ್ಕದ ಅಂಚಿನ ಲೋಹಕ್ಕೂ ತಾಗಿಸಿ. ಎರಡು ಮುಳ್ಳುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ತಾಗಿದರೆ ಫ್ಲ್ಯಾಶ್ ಹೊಡೆಯುತ್ತದೆ. ಬೆರಳುಗಳು ಪ್ಲಾಸ್ಟಿಕ್ ಹಿಡಿಯಲ್ಲೇ ಇರಲಿ.

ಬೀರುವಿನಲ್ಲಿ ಬಹಳ ವರ್ಷ ಇದ್ದ ಫ್ಲ್ಯಾಶಿಗೆ ಇನ್ನೊಂದು ಉಪಚಾರ ಬೇಕು. ಒಳಗಿನ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರಿನ ಆಕ್ಸೈಡ್ ಪದರ ಬಳಸದೆ ಇದ್ದಾಗ ದುರ್ಬಲವಾಗುತ್ತದೆ. ಅದನ್ನು ಮರಳಿ ಕಟ್ಟಲು ಹೊಸ ಸೆಲ್ ಹಾಕಿ, ದೀಪ ಹೊತ್ತಿದ ಮೇಲೂ ಹಲವು ನಿಮಿಷ ಆನ್ ಇಟ್ಟು, ಆ ಮೇಲೆ ಟೆಸ್ಟ್ ಬಟನ್ ಒತ್ತಿ ಹೊಡೆಯಿರಿ. ಇದನ್ನೇ ನಿಧಾನವಾಗಿ ಕೆಲವು ಬಾರಿ ಮಾಡಿ. ಮೊದಮೊದಲು ಬಹಳ ಹೊತ್ತು ತೆಗೆದುಕೊಳ್ಳುವ ದೀಪ ಕ್ರಮೇಣ ಬೇಗ ಹೊತ್ತಲು ಶುರುವಾದರೆ ಕೆಪ್ಯಾಸಿಟರಿಗೆ ಜೀವವಿದೆ. ಹಾಗಾಗದಿದ್ದರೆ ಆ ಫ್ಲ್ಯಾಶನ್ನು ಕೊಳ್ಳಬೇಡಿ. ಸೆಲ್ ಕೂರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಸ್ಪ್ರಿಂಗ್ ತುಕ್ಕು ಹಿಡಿದಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.

ಇಷ್ಟು ಹೇಳಿದ ಮೇಲೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಕೆಟ್ಟ ಫ್ಲ್ಯಾಶನ್ನು ಯಾರೂ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಸೆಲ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಆ ಹೊಡೆತ ಅಪಾಯಕಾರಿ.

ಉತ್ತರ ಪಿನಾಕಿನಿ (ಗೌರಿಬಿದನೂರು):

ಚರ್ಚೆಯ ನಡುವೆ ಒಂದು ಚಿಕ್ಕ ಪ್ರಶ್ನೆ. ನಮ್ಮ ಚಿಕ್ಕಪ್ಪನವರ ಮಿನೋಲ್ಟಾ ಫ್ಲ್ಯಾಶ್ ಮನೆಯಲ್ಲಿದೆ. ನನ್ನ ಕ್ಯಾಮೆರಾವೂ ಕೆ1000 ಆಗಿದ್ದು, ಆ ಫ್ಲ್ಯಾಶಿನ ಪಾದ ಶೂ ಒಳಗೆ ಕೂರುತ್ತಲೇ ಇಲ್ಲ. ಸ್ವಲ್ಪ ಒತ್ತಿ ಕೂರಿಸಬಹುದೇ?

ಅಂತರಗಂಗೆ (ಕೋಲಾರ):

ದಯವಿಟ್ಟು ಒತ್ತಬೇಡಿ. ಮಿನೋಲ್ಟಾದವರು 1988ರಿಂದ ತಮ್ಮ ಆಟೋಫೋಕಸ್ ಕ್ಯಾಮೆರಾಗಳಿಗೆ ಬೇರೆಯದೇ ಆಕಾರದ ಶೂ ತಂದರು. ಆ ನಂತರದ ಫ್ಲ್ಯಾಶುಗಳು ಸಾಮಾನ್ಯ ಶೂಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು. ಅದಕ್ಕಿಂತ ಹಿಂದಿನ, ಎಕ್ಸ್-700 ಕಾಲದ ಮಿನೋಲ್ಟಾ ಫ್ಲ್ಯಾಶುಗಳ ಪಾದ ಸಾಮಾನ್ಯ ರೀತಿಯದ್ದೇ ಆಗಿರುತ್ತದೆ.

ಹೇಮಾವತಿ ನಾಲೆ (ತಿಪಟೂರು):

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಟಿಟಿ600ರ ವೈರ್‌ಲೆಸ್ ಸೌಲಭ್ಯ ನನ್ನನ್ನು ಬಹಳ ಸೆಳೆಯಿತು. ಆದರೆ ನಾನು ಹೋಗುವ ಬಣ್ಣದ ಕೋಣೆಗಳಲ್ಲಿ ಸ್ಟ್ಯಾಂಡ್ ನಿಲ್ಲಿಸುವಷ್ಟು ಜಾಗ ಇರುವುದಿಲ್ಲ. ಎಷ್ಟೋ ಕಡೆ ಅದು ಶಾಲೆಯ ಒಂದು ಕೊಠಡಿ, ಇಲ್ಲವೇ ಸೀನರಿಯ ಹಿಂದೆ ಟಾರ್ಪಾಲು ಕಟ್ಟಿದ ಮರೆ. ಸಾಲಾಗಿ ಕೂತ ಕಲಾವಿದರ ನಡುವೆ ನಾನೇ ಮೈ ಹಿಡಿ ಮಾಡಿಕೊಂಡು ಓಡಾಡಬೇಕು. ಹಾಗಾಗಿ ಆಟೋ ಇರುವ ಫ್ಲ್ಯಾಶ್ ಕಡೆಗೇ ಮನಸ್ಸು ವಾಲಿದೆ.

ಉಳಿದಿರುವುದು ಒಂದು ಸಂದೇಹ. ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಸೂರಿಗೆ ಹೊಡೆದರೆ ಬೆಳಕು ಮೃದುವಾಗುತ್ತದೆ ಎಂದು ಓದಿದ್ದೇನೆ. ನಮ್ಮ ಕಡೆಯ ಕಟ್ಟಡಗಳಲ್ಲಿ ಅದು ಫಲ ಕೊಡುತ್ತದೆಯೇ?

ರೇಷ್ಮೆಗೂಡು (ಶಿಡ್ಲಘಟ್ಟ):

ಸೂರನ್ನು ನೋಡಿ ನಿರ್ಧರಿಸಬೇಕು. ಸುಣ್ಣ ಬಳಿದ, ಹತ್ತು ಅಡಿ ಎತ್ತರದ ಆರ್‌ಸಿಸಿ ಸೂರಿದ್ದರೆ ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಯ ಸೂರು ಸಾಮಾನ್ಯ. ಸುಣ್ಣ ಇಲ್ಲದಿದ್ದರೆ, ಅದರಲ್ಲೂ ಒಲೆಯ ಹೊಗೆ ಹಿಡಿದಿದ್ದರೆ, ಅದು ಬೆಳಕನ್ನು ನುಂಗಿಬಿಡುತ್ತದೆ. ನಿಮ್ಮ ತಿಪಟೂರು ಕಡೆಯ ಹೆಂಚಿನ ಮಾಡೂ ಅಷ್ಟೇ, ಬಣ್ಣದ ಫಿಲ್ಮ್ ಹಾಕಿದ್ದರೆ ಮುಖಗಳಿಗೆ ಕೆಂಪು ಛಾಯೆಯೂ ಬರುತ್ತದೆ. ಕಲ್ಯಾಣ ಮಂಟಪಗಳ ಸೂರು ಬಿಳಿಯಾಗಿದ್ದರೂ ಬಹಳ ಎತ್ತರ.

ಬೆಳ್ಳಗಿರುವ ಸೂರಿನಲ್ಲಿಯೂ ಸುಮಾರು ಎರಡು ಸ್ಟಾಪ್ ಬೆಳಕು ಕಳೆದುಹೋಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಆಟೋ ಫ್ಲ್ಯಾಶಿನಲ್ಲಿ ಇಲ್ಲಿ ಒಂದು ಅನುಕೂಲವಿದೆ: ತಲೆಯನ್ನು ಎತ್ತಿದರೂ ಅದರ ಕಣ್ಣು ಮುಂದಕ್ಕೇ ನೋಡುತ್ತಿರುವುದರಿಂದ ಲೆಕ್ಕವನ್ನು ಅದೇ ಸರಿಮಾಡಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ನನ್ನ ಮ್ಯಾನ್ಯುಯಲ್ ಫ್ಲ್ಯಾಶ್ ಹಿಂದೆ ಬೀಳುತ್ತದೆ. 285ಎಚ್‌ವಿಯ ತಲೆ ಮೇಲಕ್ಕೆ ಮಾತ್ರ ಎದ್ದರೆ ಎಸ್‌ಬಿ-28ರದ್ದು ಪಕ್ಕಕ್ಕೂ ತಿರುಗುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ನಿಂತ ಪಾತ್ರಧಾರಿಯ ಪೂರ್ಣ ಚಿತ್ರ ತೆಗೆಯುವಾಗ ಸೂರಿಗೆ ಹೊಡೆಯಬೇಕಾದರೆ ಆ ತಿರುಗುವಿಕೆ ಬೇಕೇ ಬೇಕು. ನಿಮ್ಮ ಕೆಲಸಕ್ಕೆ ಎಸ್‌ಬಿ-28 ಸರಿ ಎಂದು ಈಗ ನನಗೂ ಅನ್ನಿಸುತ್ತಿದೆ.

ಹಳೇ ಸ್ಟುಡಿಯೋ (ತುಮಕೂರು):

ನಾನೂ ಅದನ್ನೇ ಹೇಳುತ್ತೇನೆ. ಅದು ತುಮಕೂರಿನಲ್ಲೇ ಇದೆ, ಎದುರಿಗೆ ಕೂತು ಪರೀಕ್ಷಿಸಿ ಕೊಳ್ಳಬಹುದು ಎಂಬುದು ಸಣ್ಣ ಅನುಕೂಲವಲ್ಲ. ಹೋಗುವಾಗ ಹೊಸ ಸೆಲ್, ಫಿಲ್ಮ್ ಇಲ್ಲದ ಕ್ಯಾಮೆರಾ, ಒಂದು ತುಂಡು ಬಟರ್ ಪೇಪರ್ ತೆಗೆದುಕೊಂಡು ಹೋಗಿ. ಕ್ಯಾಮೆರಾದ ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಚೌಕಟ್ಟಿನ ಹಳಿಗಳ ಮೇಲೆ ಬಟರ್ ಪೇಪರನ್ನು ಹಗುರವಾಗಿ ಇಡಿ, ಶಟರಿನ ಬಟ್ಟೆಗೆ ಬೆರಳು ತಾಗಬಾರದು. ಲೆನ್ಸ್ ಪೂರ್ತಿ ತೆರೆದು, ಕೋಣೆಯ ದೀಪ ಆರಿಸಿ, ಬಿಳಿ ಗೋಡೆಯ ಕಡೆಗೆ ಹಿಡಿದು 60ರಲ್ಲಿ ಹೊಡೆಯಿರಿ. ಕಾಗದದ ಮೇಲೆ ಇಡೀ ಆಯತ ಒಮ್ಮೆ ಬೆಳಗಿದರೆ ಸಿಂಕ್, ಅಂದರೆ ಶಟರಿಗೂ ಫ್ಲ್ಯಾಶಿಗೂ ಇರುವ ಹೊಂದಾಣಿಕೆ, ಸರಿಯಾಗಿದೆ. 125ಕ್ಕೆ ತಿರುಗಿಸಿ ಹೊಡೆದರೆ ಒಂದು ಪಕ್ಕ ಕಪ್ಪಾಗಿಯೇ ಉಳಿಯುವುದು ಕಣ್ಣಿಗೆ ಕಾಣುತ್ತದೆ. ಆಟೋ ಕಣ್ಣನ್ನು ಪರೀಕ್ಷಿಸಲು ಅದರ ಮುಂದೆ ಬಿಳಿ ಕಾಗದ ಹತ್ತಿರ ಹಿಡಿದು ಹೊಡೆಯಿರಿ, ಆಮೇಲೆ ಕಣ್ಣನ್ನು ಬೆರಳಿನಿಂದ ಮುಚ್ಚಿ ಹೊಡೆಯಿರಿ. ಮೊದಲನೆಯದರಲ್ಲಿ ಫ್ಲ್ಯಾಶ್ ಮೆಲ್ಲಗೆ ಮಿಣುಕಿ ದೀಪ ತಕ್ಷಣ ಮರಳಬೇಕು, ಎರಡನೆಯದರಲ್ಲಿ ಪೂರ್ತಿ ಬಲದಲ್ಲಿ ಹೊಡೆದು ದೀಪ ತಡವಾಗಿ ಮರಳಬೇಕು. ಎರಡಕ್ಕೂ ಒಂದೇ ರೀತಿ ವರ್ತಿಸಿದರೆ ಕಣ್ಣು ಕೆಟ್ಟಿದೆ.

ಹೇಮಾವತಿ ನಾಲೆ (ತಿಪಟೂರು):

ತಾವು ಹೇಳಿದಂತೆಯೇ ಮಾಡಿದೆ, ಎಸ್‌ಬಿ-28 ಈಗ ನನ್ನ ಬಳಿ ಇದೆ. ಸೆಲ್ ಜಾಗ ಸ್ವಚ್ಛವಾಗಿತ್ತು. ಮೊದಲ ಸಲ ದೀಪ ಹೊತ್ತಲು ಬಹಳ ಹೊತ್ತು ಹಿಡಿಯಿತು. ಕೋಲಾರದ ಸರ್ ತಿಳಿಸಿದ ಕ್ರಮದಲ್ಲಿ ಬಿಟ್ಟು ಬಿಟ್ಟು ಹೊಡೆದ ಮೇಲೆ ಚುರುಕಾಯಿತು. ಬಟರ್ ಪೇಪರಿನ ಮೇಲೆ 60ರಲ್ಲಿ ಆಯತ ತುಂಬಿ ಬೆಳಗಿತು, 125ರಲ್ಲಿ ಒಂದಂಚು ಕಪ್ಪಾಗಿ ನಿಂತಿತು. ಕಣ್ಣಿನ ಪರೀಕ್ಷೆಯಲ್ಲಿಯೂ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು.

ಕೊನೆಯದಾಗಿ ಒಂದು ಪ್ರಶ್ನೆ. ಎಫ್/8, 60ರಲ್ಲಿ ತೆಗೆದರೆ ಬಣ್ಣದ ಕೋಣೆಯ ಹಿನ್ನೆಲೆ ಪೂರ್ತಿ ಕಪ್ಪಾಗುವುದಿಲ್ಲವೇ? ಹಿಂದೆ ಸಾಲಾಗಿ ತೂಗುಹಾಕಿದ ವೇಷಭೂಷಣಗಳೂ ಚಿತ್ರದಲ್ಲಿ ಕಾಣಬೇಕೆಂಬ ಆಸೆ ನನಗಿದೆ.

ಹಳೇ ಸ್ಟುಡಿಯೋ (ತುಮಕೂರು):

ಕಪ್ಪಾಗುತ್ತದೆ. ಒಂದು ಬಲ್ಬಿನ ಬೆಳಕು ಎಫ್/8, 60ಕ್ಕೆ ಏನೇನೂ ಸಾಲದು. 60ಕ್ಕಿಂತ ಹೆಚ್ಚಿನ ವೇಗ ಕೂಡದು ಎಂದೆನೇ ಹೊರತು ಕಡಿಮೆ ವೇಗಕ್ಕೆ ಅಡ್ಡಿಯಿಲ್ಲ. ಫ್ಲ್ಯಾಶ್ ಮತ್ತು ಲೆನ್ಸ್ ಎರಡನ್ನೂ ಎಫ್/4ಕ್ಕೆ ತಂದು ಶಟರನ್ನು 15ಕ್ಕೆ ಇಳಿಸಿ. ಹತ್ತಿರದ ಮುಖಕ್ಕೆ ಬೇಕಾದ ಬೆಳಕನ್ನು ಫ್ಲ್ಯಾಶ್ ಮೊದಲಿನಷ್ಟೇ ಕೊಡುತ್ತದೆ, ಬಲ್ಬಿನ ಬೆಳಕಿಗೆ ಮಾತ್ರ ನಾಲ್ಕು ಸ್ಟಾಪ್ ಹೆಚ್ಚು ಅವಕಾಶ ಸಿಗುತ್ತದೆ, ಹಿಂದಿನ ವೇಷಗಳು ಮಂದವಾಗಿಯಾದರೂ ಕಾಣುತ್ತವೆ. ಕೂತು ಬಣ್ಣ ಹಚ್ಚಿಸಿಕೊಳ್ಳುವವರಿಗೆ ಇದು ಸರಿ. ನಡೆದಾಡುವವರನ್ನು ಹೀಗೆ ತೆಗೆದರೆ ಅಂಚುಗಳು ಎಳೆದಂತಾಗುತ್ತವೆ, ಅವರಿಗೆ 60 ಮತ್ತು ಎಫ್/8 ಇರಲಿ. ಎಫ್/8ರಲ್ಲಿ ಮೂರು ಮೀಟರಿಗೆ ಫೋಕಸ್ ಇಟ್ಟರೆ ನಿಮ್ಮ 50 ಎಂಎಂ ಲೆನ್ಸಿನಲ್ಲಿ ಸುಮಾರು ಎರಡೂಕಾಲು ಮೀಟರಿನಿಂದ ನಾಲ್ಕು ಮೀಟರಿನವರೆಗೆ ಸ್ಪಷ್ಟವಾಗಿ ಬರುತ್ತದೆ, ಮಂದ ಬೆಳಕಿನಲ್ಲಿ ಪ್ರತಿ ಸಲ ಫೋಕಸ್ ಹುಡುಕುವ ಕಷ್ಟವೂ ಇರುವುದಿಲ್ಲ.

ದೀಪ ಹೊತ್ತಿದ ತಕ್ಷಣ ಹೊಡೆಯಬೇಡಿ. ಕೆಪ್ಯಾಸಿಟರ್ ಸುಮಾರು ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ತುಂಬಿದಾಗಲೇ ಅದು ಹೊತ್ತುತ್ತದೆ. ದೂರದ ಚಿತ್ರವಾದರೆ ಇನ್ನೊಂದೆರಡು ಸೆಕೆಂಡ್ ತಡೆಯಿರಿ. ಆಟ ಮುಗಿದು ಮನೆಗೆ ಬಂದ ಮೇಲೆ ಸೆಲ್ ಹೊರಗೆ ತೆಗೆದಿಡಿ.